ಅಲುಗಾಡದೆ ಮಲಗಿದವರು

ಸುಗ್ಗಿ ಮುಗಿದು ಕೈ ಬಿಡುವಾಗುವ ಹೊತ್ತಿಗೆ ತಾಲ್ಲೂಕು ಕೇಂದ್ರಕ್ಕೆ ಕಣ್ಣಿನ ಶಿಬಿರ ಬರುತ್ತಿತ್ತು. 1960, 70ರ ದಶಕಗಳ ಮಾತು. ಶಾಲೆಯ ಬೆಂಚುಗಳೆಲ್ಲ ಅಂಗಳಕ್ಕೆ ಹೋಗುತ್ತಿದ್ದವು. ಕೋಣೆಯೊಳಗೆ ನೆಲಕ್ಕೆ ಹುಲ್ಲು, ಹುಲ್ಲಿನ ಮೇಲೆ ಚಾಪೆ, ಚಾಪೆಯ ಮೇಲೆ ಸಾಲಾಗಿ ಅಂಗಾತ ಮಲಗಿದ ಅಜ್ಜ ಅಜ್ಜಿಯರು. ಕಣ್ಣಿಗೆ ಹತ್ತಿ, ಅದರ ಮೇಲೆ ಬಿಗಿದ ಬಟ್ಟೆ ಪಟ್ಟಿ. ಗುರುತಿಗೆಂದು ಹಣೆಗೋ ತೋಳಿಗೋ ಅಂಟಿಸಿದ ನಂಬರು. ಪಕ್ಕದಲ್ಲಿ ಊರಿಂದ ಬುತ್ತಿ ಕಟ್ಟಿಕೊಂಡು ಬಂದ ಮಗಳೋ ಸೊಸೆಯೋ. ಸ್ವಯಂಸೇವಕರು ಸಾಲುಗಳ ನಡುವೆ ಓಡಾಡುತ್ತ ಹೇಳುತ್ತಿದ್ದುದು ಹೆಚ್ಚುಕಡಿಮೆ ಒಂದೇ ಮಾತು: ಅಲುಗಾಡಬೇಡಿ.

ಆ ಒಂದು ಮಾತಿನೊಳಗೆ ಬೇಡಗಳ ದೊಡ್ಡ ಪಟ್ಟಿಯೇ ಅಡಗಿತ್ತು. ಮಗ್ಗುಲಾಗಬಾರದು. ಕೆಮ್ಮಬಾರದು, ತಡೆಯಲಾಗದಿದ್ದರೆ ಬಾಯಿ ಅಗಲ ತೆರೆದು ಮೆಲ್ಲಗೆ ಕೆಮ್ಮಬೇಕು. ಸೀನಬಾರದು. ಬಹಿರ್ದೆಸೆಗೆ ಕೂತಾಗ ತಿಣುಕಬಾರದು, ಅದಕ್ಕಾಗಿ ಗಂಜಿ, ಹಾಲು, ಮೆತ್ತಗಿನ ಅನ್ನ. ಗಟ್ಟಿ ರೊಟ್ಟಿ ಅಗಿದರೆ ದವಡೆಯ ಜೊತೆ ಕಣ್ಣಿಗೂ ಕೆಲಸ, ಆದ್ದರಿಂದ ಅದೂ ಬೇಡ. ನಗುವುದಕ್ಕೆ ಕಡಿವಾಣ, ಅಳುವುದಂತೂ ಕೂಡದೇ ಕೂಡದು. ಬೀಡಿ ಬಂದ್, ನಶ್ಯ ಬಂದ್. ಹೊತ್ತು ಹೊತ್ತಿಗೆ ಚಿಟಿಕೆ ನಶ್ಯ ಏರಿಸಿ ಅರವತ್ತು ವರ್ಷ ಕಳೆದವರ ಪಾಡನ್ನು ಊಹಿಸಿಕೊಳ್ಳಬೇಕು.

ಕತ್ತಿ ಹಿಡಿದ ವೈದ್ಯರ ಕೆಲಸ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತಿತ್ತು. ರೋಗಿಯ ಕೆಲಸ ಶುರುವಾಗುತ್ತಿದ್ದುದು ಆಮೇಲೆ. ಕಣ್ಣಿನ ಪೊರೆ ತೆಗೆದವರ ಚರಿತ್ರೆ ಬೇಕಾದಷ್ಟಿದೆ. ತೆಗೆಸಿಕೊಂಡು ಮಲಗಿದವರದನ್ನು ಯಾರೂ ಒಂದೆಡೆ ಕೂಡಿಸಿಟ್ಟಿಲ್ಲ. ಅದನ್ನು ಒಂದು ಸಂಹಿತೆಯ ನಾಲ್ಕು ಶ್ಲೋಕಗಳಿಂದ, ಒಬ್ಬ ಚಿತ್ರಕಾರನ ಸಿಟ್ಟಿನ ಪತ್ರಗಳಿಂದ, ನಮ್ಮ ಮನೆಗಳಲ್ಲಿ ಈಗಲೂ ಉಳಿದ ಪಥ್ಯದಿಂದ ಹೆಕ್ಕಬೇಕು.

ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಪೊರೆಯ ಚಿಕಿತ್ಸೆಯ ವಿವರ ಬರುತ್ತದೆ. ಜವೆಗೋಧಿಯ ಕಾಳಿನ ಆಕಾರದ ತುದಿಯುಳ್ಳ ಶಲಾಕೆಯಿಂದ ಕಣ್ಣು ಚುಚ್ಚಿ, ದೃಷ್ಟಿಗೆ ಅಡ್ಡ ನಿಂತ ಪೊರೆಯನ್ನು ದಾರಿಯಿಂದ ಸರಿಸುವ ವಿಧಾನ ಅದು ಎಂದು ಹೆಚ್ಚಿನ ವಿದ್ವಾಂಸರು ಅರ್ಥ ಮಾಡುತ್ತಾರೆ. ಆದರೆ ಅಲ್ಲಿ ಗಮನಿಸಬೇಕಾದದ್ದು ಶಲಾಕೆ ಹೊರಬಂದ ನಂತರದ ಮಾತು. ರೋಗಿಗೆ ಎದುರಿನ ವಸ್ತು ಕಂಡ ಮೇಲೆ ಶಲಾಕೆಯನ್ನು ಮೆಲ್ಲಗೆ ತೆಗೆಯಬೇಕು, ಕಣ್ಣಿಗೆ ತುಪ್ಪ ಹಚ್ಚಿ ಬಟ್ಟೆ ಕಟ್ಟಬೇಕು, ಯಾವ ತೊಂದರೆಯೂ ಇಲ್ಲದ ಮನೆಯಲ್ಲಿ ಅಂಗಾತ ಮಲಗಿಸಬೇಕು. ತೇಗು, ಕೆಮ್ಮು, ಸೀನು, ಉಗುಳುವುದು, ನಡುಗುವುದು ಇವೆಲ್ಲ ಆಗ ನಿಷಿದ್ಧ. ಮೂರು ಮೂರು ದಿನಕ್ಕೊಮ್ಮೆ ವಾತಹರ ಕಷಾಯದಿಂದ ತೊಳೆಯಬೇಕು. ಹತ್ತು ದಿನ ಹೀಗೆ ಸಂಯಮ, ಆಮೇಲೆ ಲಘುವಾದ ಊಟ, ಅದೂ ಮಿತವಾಗಿ. ಶಾಲೆಯ ಕೋಣೆಯಲ್ಲಿ ಸ್ವಯಂಸೇವಕ ಕೂಗುತ್ತಿದ್ದ ಪಟ್ಟಿಗೂ ಇದಕ್ಕೂ ಎಷ್ಟು ವ್ಯತ್ಯಾಸ? ನಶ್ಯವೊಂದು ಸೇರಿಕೊಂಡಿದೆ, ಅಷ್ಟೆ.

ಪೊರೆಯನ್ನು ಕಣ್ಣೊಳಗೇ ಕೆಳಗೆ ತಳ್ಳುವ ಈ ವಿದ್ಯೆ ಊರೂರು ಸುತ್ತುವವರ ಕೈಗೆ ಬಿದ್ದು ಲೋಕವೆಲ್ಲ ಹಬ್ಬಿತು. ಅದರಲ್ಲೊಂದು ದೊಡ್ಡ ಆಮಿಷವಿತ್ತು: ಪೊರೆ ಸರಿದ ಕ್ಷಣವೇ ಬೆಳಕು. ರೋಗಿ ಬೆರಳು ಎಣಿಸುತ್ತಾನೆ, ಮಗನ ಮುಖ ಗುರುತಿಸುತ್ತಾನೆ, ದುಡ್ಡು ಕೊಡುತ್ತಾನೆ. ಕೀವು, ಉರಿ, ಒತ್ತಡ ಎಲ್ಲ ಬರುವುದು ದಿನ ಕಳೆದ ಮೇಲೆ. ಅಷ್ಟರಲ್ಲಿ ಚುಚ್ಚಿದವನು ಮುಂದಿನ ಊರು ಸೇರಿರುತ್ತಾನೆ. ಮದರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯ ಮುಖ್ಯಸ್ಥರಾಗಿದ್ದ ರಾಬರ್ಟ್ ಹೆನ್ರಿ ಎಲಿಯಟ್ ಹೀಗೆ ಚುಚ್ಚಿಸಿಕೊಂಡು ಕಣ್ಣು ಕಳೆದುಕೊಂಡು ಬಂದವರನ್ನು ವರ್ಷಗಟ್ಟಲೆ ಪರೀಕ್ಷಿಸಿ, ಮೊದಲ ಮಹಾಯುದ್ಧದ ಕಾಲದಲ್ಲಿ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದರು.

ಯುರೋಪಿನಲ್ಲೂ ಇಂಥವರಿಗೆ ಕೊರತೆಯಿರಲಿಲ್ಲ. ಜಾನ್ ಟೇಲರ್ ಎಂಬ ಇಂಗ್ಲಿಷ್ ವೈದ್ಯ ಗಾಡಿಯ ಮೇಲೆಲ್ಲ ಕಣ್ಣಿನ ಚಿತ್ರ ಬರೆಸಿಕೊಂಡು ರಾಜಧಾನಿಯಿಂದ ರಾಜಧಾನಿಗೆ ತಿರುಗುತ್ತಿದ್ದ. ಪಟ್ಟಿಯನ್ನು ಇಂತಿಷ್ಟು ದಿನ ಬಿಚ್ಚಬೇಡಿ ಎಂದು ಕಟ್ಟಪ್ಪಣೆ ಮಾಡಿ, ಬಿಚ್ಚುವ ದಿನಕ್ಕೆ ಮೊದಲೇ ಊರು ಬಿಡುತ್ತಿದ್ದನೆಂದು ಪ್ರತೀತಿ. ಅವನ ಕೈಗೆ ಸಿಕ್ಕವರಲ್ಲಿ ಸಂಗೀತಗಾರ ಯೊಹಾನ್ ಸೆಬಾಸ್ಟಿಯನ್ ಬಾಖ್ ಒಬ್ಬ. 1750ರ ಮಾರ್ಚ್ ಕೊನೆಯಲ್ಲಿ ಲೈಪ್ಜಿಗ್‌ನಲ್ಲಿ ಮೊದಲ ಚಿಕಿತ್ಸೆ, ಏಪ್ರಿಲ್ ಆರಂಭದಲ್ಲಿ ಮತ್ತೊಂದು. ಬಾಖ್ ಮತ್ತೆ ಚೇತರಿಸಿಕೊಳ್ಳಲೇ ಇಲ್ಲ. ಜುಲೈ 28ರಂದು ತೀರಿಕೊಂಡ. ಪಟ್ಟಿ ಕಟ್ಟಿಸಿಕೊಂಡು ಕತ್ತಲಲ್ಲಿ ಮಲಗುವುದು ಗುಣವಾಗುವ ದಾರಿಯಷ್ಟೇ ಆಗಿರಲಿಲ್ಲ, ಮೋಸ ಹೊರಬೀಳದಂತೆ ಕಾಲ ನೂಕುವ ಉಪಾಯವೂ ಆಗಿತ್ತು.

ಫ್ರಾನ್ಸಿನ ಜಾಕ್ ದಾವಿಯೆಲ್ 1747ರಲ್ಲಿ ಪೊರೆಯನ್ನು, ಅಂದರೆ ಮಂಜಾದ ಮಸೂರವನ್ನು, ಒಳಗೆ ತಳ್ಳುವ ಬದಲು ಕಾರ್ನಿಯಾ ಕತ್ತರಿಸಿ ಹೊರಕ್ಕೇ ತೆಗೆದ. 115 ಕಣ್ಣುಗಳಲ್ಲಿ 100 ಗೆದ್ದವು ಎಂಬುದು ಅವನು ಕೆಲವು ವರ್ಷಗಳ ಬಳಿಕ ಕೊಟ್ಟ ಲೆಕ್ಕ. ಇಂದಿನ ಪೊರೆ ಶಸ್ತ್ರಚಿಕಿತ್ಸೆಯ ಬೇರು ಅಲ್ಲಿದೆ. ಆದರೆ ರೋಗಿಯ ಹಾಸಿಗೆಯಿಂದ ನೋಡಿದರೆ ಕಷ್ಟ ಹೆಚ್ಚಾದದ್ದೂ ಅಲ್ಲಿಂದಲೇ. ಮೊದಲು ಇದ್ದದ್ದು ಸೂಜಿಯ ತೂತು. ಈಗ ಕಾರ್ನಿಯಾದ ಅಂಚಿನಲ್ಲಿ ಸುಮಾರು ಅರ್ಧ ಸುತ್ತಿನ ಗಾಯ, ಹತ್ತು ಹನ್ನೆರಡು ಮಿಲಿಮೀಟರ್ ಉದ್ದ. ಅದಕ್ಕೆ ಹೊಲಿಗೆಯಿಲ್ಲ. ಗಾಯದ ತುಟಿಗಳು ತಾವಾಗಿಯೇ ಕೂಡಿಕೊಳ್ಳಬೇಕು. ಜೋರಾಗಿ ಒಂದು ಸೀನು ಬಂದರೆ ಕಣ್ಣಿನೊಳಗಿನ ಒತ್ತಡ ಏರಿ ಗಾಯ ಬಾಯಿಬಿಡುತ್ತದೆ, ಒಳಗಿನ ದ್ರವ ಸೋರುತ್ತದೆ, ಕಣ್ಣಿನ ಬಣ್ಣದ ಪರದೆ ಗಾಯದೊಳಗೆ ಸಿಕ್ಕಿಕೊಳ್ಳುತ್ತದೆ. ಅಲ್ಲಿಗೆ ಕಣ್ಣು ಹೋಯಿತು. ಅಲುಗಾಡಬಾರದೆಂಬ ಕಟ್ಟಳೆ ವೈದ್ಯರ ದರ್ಪದಿಂದ ಬಂದದ್ದಲ್ಲ. ಹೊಲಿಗೆಯ ಕೆಲಸವನ್ನು ರೋಗಿಯ ತಾಳ್ಮೆ ಮಾಡಬೇಕಿತ್ತು.

ಈಥರ್, ಕ್ಲೋರೋಫಾರ್ಮ್ ಬಂದ ಮೇಲೂ ಕಣ್ಣಿನ ವೈದ್ಯರು ಅವನ್ನು ಬಳಸಲು ಹಿಂಜರಿದದ್ದು ಇದೇ ಕಾರಣಕ್ಕೆ. ಎಚ್ಚರವಾದ ರೋಗಿ ವಾಂತಿ ಮಾಡಿಕೊಂಡರೆ ಮಾಡಿದ್ದೆಲ್ಲ ನೀರುಪಾಲು. ನೋವು ತಡೆದುಕೊಳ್ಳಲಿ, ವಾಂತಿ ಬೇಡ ಎಂಬ ಲೆಕ್ಕ. 1884ರಲ್ಲಿ ವಿಯೆನ್ನಾದ ಕಾರ್ಲ್ ಕೋಲರ್ ಕೊಕೇನ್ ದ್ರಾವಣದ ಹನಿಯಿಂದ ಕಣ್ಣನ್ನಷ್ಟೇ ಮರಗಟ್ಟಿಸಬಹುದೆಂದು ತೋರಿಸಿದ ಮೇಲೆ ನೋವು ಹೋಯಿತು. ಮಲಗುವ ಶಿಕ್ಷೆ ಹೋಗಲಿಲ್ಲ. ಬಾಸ್ಟನ್ನಿನ ಹೆನ್ರಿ ವಿಲಿಯಮ್ಸ್ 1860ರ ದಶಕದಲ್ಲೇ ಕಾರ್ನಿಯಾಕ್ಕೆ ರೇಷ್ಮೆ ಎಳೆಯ ಹೊಲಿಗೆ ಹಾಕಿದ್ದ. ಆದರೆ ಅಷ್ಟು ನವಿರಾದ ಸೂಜಿ, ದಾರ ಸುಲಭವಾಗಿ ಸಿಗುತ್ತಿರಲಿಲ್ಲ, ಹೊಲಿಗೆ ಎಲ್ಲೆಡೆ ರೂಢಿಗೆ ಬಂದದ್ದು ಇಪ್ಪತ್ತನೆಯ ಶತಮಾನದ ನಡುವಿಗೆ.

ಈ ಮಲಗುವಿಕೆ ಹೇಗಿತ್ತೆಂದು ಒಬ್ಬರ ಪಕ್ಕ ಕೂತು ನೋಡಬೇಕೆಂದರೆ ಕ್ಲೋಡ್ ಮೋನೆಯ ಬಳಿ ಹೋಗಬೇಕು. ಬೆಳಕನ್ನೇ ಬರೆದು ಬದುಕಿದ ಈ ಫ್ರೆಂಚ್ ಚಿತ್ರಕಾರನಿಗೆ ಎರಡೂ ಕಣ್ಣಿಗೆ ಪೊರೆ ಬಂದು, ಬಣ್ಣದ ಟ್ಯೂಬಿನ ಚೀಟಿ ಓದಿಕೊಂಡು ಬಣ್ಣ ಹಚ್ಚುವ ಸ್ಥಿತಿ ಬಂದಿತ್ತು. ಆಪರೇಷನ್ ಎಂದರೆ ಭಯ. ಗೆಳತಿ ಮೇರಿ ಕ್ಯಾಸಟ್ ಮಾಡಿಸಿಕೊಂಡು ಫಲ ಕಾಣದೆ ಹೋದದ್ದು ಕಣ್ಣೆದುರಿಗಿತ್ತು. ಫ್ರಾನ್ಸಿನ ಮಾಜಿ ಪ್ರಧಾನಿ, ಸ್ವತಃ ವೈದ್ಯಕೀಯ ಓದಿದ್ದ ಗೆಳೆಯ ಜಾರ್ಜ್ ಕ್ಲೆಮೆನ್ಸೊ ಬೆನ್ನು ಬಿಡದೆ ಒಪ್ಪಿಸಿದ. 1923ರ ಜನವರಿಯಲ್ಲಿ, 82ನೇ ವಯಸ್ಸಿನಲ್ಲಿ, ಪ್ಯಾರಿಸ್ ಪಕ್ಕದ ನ್ಯೂಯಿಯ ಚಿಕಿತ್ಸಾಲಯದಲ್ಲಿ ವೈದ್ಯ ಶಾರ್ಲ್ ಕುತೆಲಾ ಎರಡು ಹಂತಗಳಲ್ಲಿ ಬಲಗಣ್ಣಿನ ಪೊರೆ ತೆಗೆದರು.

ನಂತರ ದಿಂಬಿಲ್ಲದೆ ಚಪ್ಪಟೆ ಮಲಗಬೇಕು, ಎರಡೂ ಕಣ್ಣಿಗೆ ಪಟ್ಟಿ, ತಲೆ ಹೊರಳದಂತೆ ಎರಡೂ ಬದಿ ಮರಳಿನ ಚೀಲ. ಮೋನೆ ಇದನ್ನು ಸಹಿಸುವ ಪೈಕಿಯಲ್ಲ. ಎದ್ದು ಕೂತ, ಪಟ್ಟಿ ಕಿತ್ತೆಸೆಯಲು ಹೋದ, ಕುರುಡನಾಗಿರುವುದೇ ವಾಸಿಯಿತ್ತೆಂದು ಕೂಗಾಡಿದ. ಮಲಮಗಳು ಬ್ಲಾಂಶ್ ಹಾಸಿಗೆಯ ಬಳಿಯೇ ಕೂತು ಕಾದಳು. ಮನೆಗೆ ಬಂದ ಮೇಲೂ ಮುಗಿಯಲಿಲ್ಲ. ಮಸೂರದ ಹಿಂದೆ ಉಳಿದಿದ್ದ ತೆಳು ಪದರ ಮಂಜಾಗಿ, ಅದೇ ಜುಲೈನಲ್ಲಿ ಮತ್ತೊಮ್ಮೆ ಕತ್ತಿಗೆ ಕಣ್ಣೊಡ್ಡಬೇಕಾಯಿತು. ಹೊಸ ಕನ್ನಡಕ ಹಾಕಿದರೆ ವಸ್ತುಗಳು ಸೊಟ್ಟ. ಬಣ್ಣ ಒಮ್ಮೆ ವಿಪರೀತ ಹಳದಿ, ಆಮೇಲೆ ವಿಪರೀತ ನೀಲಿ. ಮುಪ್ಪಿನ ಮಸೂರ ನೀಲಿ ಬೆಳಕನ್ನು ತಡೆಯುತ್ತದೆ. ಅದನ್ನು ತೆಗೆದಾಗ ವರ್ಷಗಟ್ಟಲೆ ಕಾಣದಿದ್ದ ನೀಲಿ ಒಮ್ಮೆಲೇ ನುಗ್ಗುತ್ತದೆ. ಬೇರೆಯವರಿಗೆ ಅದು ಬೆರಗಾಗಿರಬಹುದು, ಬಣ್ಣವೇ ಕಸುಬಾದವನಿಗೆ ಬುಡವೇ ಅಲುಗಿದ ಹಾಗೆ. ಕುತೆಲಾಗೆ ಅವನು ಬರೆದ ಪತ್ರಗಳಲ್ಲಿ ತನ್ನನ್ನು ಈ ಸ್ಥಿತಿಗೆ ತಂದದ್ದು ಅಪರಾಧವೆಂಬ ಆರೋಪವಿದೆ. ಬಣ್ಣ ಹಾಕಿದ ಗಾಜುಗಳನ್ನು ಬದಲಿಸಿ ಬದಲಿಸಿ, ಎರಡು ವರ್ಷ ತಡಕಾಡಿದ ಮೇಲೆ ಕಣ್ಣು ಒಂದು ಹದಕ್ಕೆ ಬಂತು, ಅವನು ಮತ್ತೆ ಕುಂಚ ಹಿಡಿದ. ಎಡಗಣ್ಣನ್ನು ಮಾತ್ರ 1926ರಲ್ಲಿ ಸಾಯುವವರೆಗೂ ಯಾರಿಗೂ ಮುಟ್ಟಗೊಡಲಿಲ್ಲ.

ಎರಡೂ ಕಣ್ಣು ಕಟ್ಟಿ ದಿನಗಟ್ಟಲೆ ಮಲಗಿಸಿದರೆ ಮನಸ್ಸಿಗೆ ಏನಾಗುತ್ತದೆ ಎಂಬುದನ್ನು ವೈದ್ಯರು ಗಂಭೀರವಾಗಿ ನೋಡಿದ್ದು ತಡವಾಗಿ. ವಯಸ್ಸಾದವರು ಮಧ್ಯರಾತ್ರಿ ಗಾಬರಿಯಿಂದ ಏಳುತ್ತಿದ್ದರು, ಇಲ್ಲದವರೊಡನೆ ಮಾತಾಡುತ್ತಿದ್ದರು, ಪಟ್ಟಿ ಹರಿಯುತ್ತಿದ್ದರು. ಬಾಸ್ಟನ್ನಿನ ಮನೋವೈದ್ಯರಾದ ವೈಸ್‌ಮನ್ ಮತ್ತು ಹ್ಯಾಕೆಟ್ 1958ರಲ್ಲಿ ಇದಕ್ಕೆ ಕಪ್ಪುಪಟ್ಟಿಯ ಸನ್ನಿ ಎಂಬರ್ಥದ ಹೆಸರಿಟ್ಟು ವಿವರಿಸಿದರು. ಕಾಣುವುದಿಲ್ಲ, ಏಳುವ ಹಾಗಿಲ್ಲ, ಸುತ್ತಲಿನ ಸದ್ದು ಯಾವುದೆಂದು ತಿಳಿಯುವುದಿಲ್ಲ; ಬುದ್ಧಿ ತನ್ನ ದಿಕ್ಕನ್ನೇ ಕಳೆದುಕೊಳ್ಳುತ್ತದೆ. ಪಕ್ಕದಲ್ಲಿ ಯಾರಾದರೂ ಕೂತು, ಈಗ ಬೆಳಗಾಗಿದೆ, ಇದು ಆಸ್ಪತ್ರೆ, ನಾನು ಇಂಥವನು ಎಂದು ಹೇಳುತ್ತಿದ್ದರೆ ಅದೇ ಅರ್ಧ ಮದ್ದು. ಹಾಗೆ ನೋಡಿದರೆ, ಶಿಬಿರದ ಚಾಪೆಯ ಪಕ್ಕ ಊರಿನ ಸುದ್ದಿ ಹೇಳುತ್ತ ಕೂತಿದ್ದ ಸೊಸೆ ತನಗೆ ಗೊತ್ತಿಲ್ಲದೆಯೇ ಬಾಸ್ಟನ್ ವೈದ್ಯರ ಚಿಕಿತ್ಸೆ ಮಾಡುತ್ತಿದ್ದಳು. ಪಾಶ್ಚಾತ್ಯ ಆಸ್ಪತ್ರೆಯ ಒಂಟಿ ಕೋಣೆಗಿಂತ ಆ ಗದ್ದಲದ ಶಾಲೆಯೇ ಈ ಒಂದು ವಿಷಯದಲ್ಲಿ ಮೇಲಾಗಿದ್ದಿರಬೇಕು.

ಶಿಬಿರ ಎಂದಾಗ ಕರ್ನಾಟಕದಲ್ಲಿ ಮೊದಲು ಬರುವ ಹೆಸರು ಡಾ. ಎಂ.ಸಿ. ಮೋದಿಯವರದು. ಈಗಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯ ಮುರುಗಪ್ಪ ಚನ್ನವೀರಪ್ಪ ಮೋದಿ 1940ರ ದಶಕದಲ್ಲಿ ಉಚಿತ ನೇತ್ರ ಶಿಬಿರಗಳನ್ನು ಶುರುಮಾಡಿ, ಆಸ್ಪತ್ರೆಯನ್ನೇ ಊರಿಗೆ ಒಯ್ದರು. ಬೆಂಗಳೂರಿನ ಮಿಂಟೋ ಆಸ್ಪತ್ರೆ ಆಗಲೇ ಇತ್ತು, ಆದರೆ ಕಣ್ಣು ಕಾಣದ ಮುದುಕಿಯನ್ನು ಕರೆದುಕೊಂಡು ಬಿಜಾಪುರದ ಹಳ್ಳಿಯಿಂದ ಬೆಂಗಳೂರಿಗೆ ಬಂದು ಹತ್ತು ದಿನ ನಿಲ್ಲುವುದು ಯಾರ ಕೈಲಾದೀತು? ಮೋದಿಯವರನ್ನು ಜನ ಕಣ್ಣು ಕೊಟ್ಟ ಅಣ್ಣ ಎಂದು ಕರೆದರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂತು. ಅದೇ 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ್ದು ಗಿನ್ನೆಸ್ ದಾಖಲೆಗೆ ಸೇರಿತು. 1990ರ ದಶಕದ ಆರಂಭಕ್ಕೆ ಅವರ ಒಟ್ಟು ಲೆಕ್ಕ ಆರು ಲಕ್ಷ ದಾಟಿತ್ತು.

833ರ ಬಗ್ಗೆ ಬರೆದವರೆಲ್ಲ ಕೈಯ ವೇಗವನ್ನು ಕೊಂಡಾಡುತ್ತಾರೆ. ಇಪ್ಪತ್ತನಾಲ್ಕು ಗಂಟೆಯೂ ಆ ಕೈ ನಿಲ್ಲಲಿಲ್ಲ ಎಂದೇ ಇಟ್ಟುಕೊಂಡರೂ ಒಂದು ಕಣ್ಣಿಗೆ ಎರಡು ನಿಮಿಷವೂ ಸಿಗುವುದಿಲ್ಲ; ಕೊಂಡಾಡಬೇಕಾದದ್ದೇ. ಆದರೆ ಮಾರನೆಯ ಬೆಳಗನ್ನು ನೆನೆದುಕೊಳ್ಳಿ. 833 ಜನ ಪಟ್ಟಿ ಕಟ್ಟಿಸಿಕೊಂಡು ಅಂಗಾತ ಮಲಗಿದ್ದಾರೆ. ಒಬ್ಬೊಬ್ಬರ ಜೊತೆ ಕನಿಷ್ಠ ಒಬ್ಬರು. ಎಲ್ಲರಿಗೂ ಗಂಜಿ ಕುಡಿಸಬೇಕು, ಎತ್ತಿ ಕೂರಿಸಬೇಕು, ಮಲಮೂತ್ರಕ್ಕೆ ಒಯ್ಯಬೇಕು, ಹನಿ ಹಾಕಬೇಕು, ಕೆಮ್ಮಿದವರ ಕಣ್ಣು ನೋಡಬೇಕು. ಶಿಬಿರಗಳ ಯಶಸ್ಸು ಈ ಅಡುಗೆಯವರು, ಶಾಲಾ ಮೇಷ್ಟ್ರು, ಮಠದ ಹುಡುಗರು, ಲಯನ್ಸ್ ಮತ್ತು ರೋಟರಿ ಕ್ಲಬ್ಬಿನ ಕಾರ್ಯಕರ್ತರ ಮೇಲೆ ನಿಂತಿತ್ತು. ಅವರ ಹೆಸರು ಯಾವ ದಾಖಲೆಯಲ್ಲೂ ಇಲ್ಲ.

ಪಟ್ಟಿ ಬಿಚ್ಚುವ ದಿನ ಹಬ್ಬ. ವೈದ್ಯರು ಬೆರಳು ತೋರಿಸಿ ಎಷ್ಟು ಎಂದು ಕೇಳುವುದು, ಎರಡು ಎಂದ ಕೂಡಲೇ ಸುತ್ತ ನಿಂತವರ ಮುಖ ಅರಳುವುದು. ಆದರೆ ಅಸಲಿ ಪರೀಕ್ಷೆ ಊರಿಗೆ ಹೋದ ಮೇಲೆ. ಆಗಿನ ಪದ್ಧತಿಯಲ್ಲಿ ಮಸೂರವನ್ನು ಇಡಿಯಾಗಿ ತೆಗೆಯುತ್ತಿದ್ದರು, ಬದಲಿ ಇಡುತ್ತಿರಲಿಲ್ಲ. ಕಣ್ಣಿನ ಒಟ್ಟು ಶಕ್ತಿಯ ಮೂರನೆಯ ಒಂದು ಭಾಗ ಮಸೂರದ್ದು. ಅದು ಹೋದ ಮೇಲೆ ತುಂಬಿಕೊಡಲು ಪ್ಲಸ್ ಹತ್ತು ನಂಬರಿನ, ನಡುವೆ ಉಬ್ಬಿದ ದಪ್ಪ ಗಾಜು. ಊರ ಹುಡುಗರು ಸೋಡಾಬುಡ್ಡಿ ಎಂದು ಗೇಲಿ ಮಾಡುತ್ತಿದ್ದ ಕನ್ನಡಕ ಅದೇ. ಅನೇಕ ಶಿಬಿರಗಳಲ್ಲಿ ಎಲ್ಲರಿಗೂ ಒಂದೇ ನಂಬರಿನದನ್ನು ಹಂಚಿ ಕಳಿಸುತ್ತಿದ್ದರು.

ಅದರೊಳಗಿಂದ ಕಂಡ ಲೋಕವೇ ಬೇರೆ. ಎಲ್ಲವೂ ಕಾಲು ಭಾಗಕ್ಕಿಂತ ಹೆಚ್ಚು ದೊಡ್ಡದು, ಆದ್ದರಿಂದ ಹತ್ತಿರ. ಲೋಟಕ್ಕೆ ಕೈ ಚಾಚಿದರೆ ಲೋಟ ಇನ್ನೂ ಆಚೆ. ಹೊಸ್ತಿಲು ಬಂತೆಂದು ಕಾಲೆತ್ತಿದರೆ ಹೊಸ್ತಿಲು ಇನ್ನೊಂದು ಹೆಜ್ಜೆ ದೂರ. ನೇರವಾದ ಬಾಗಿಲಿನ ಚೌಕಟ್ಟು ಒಳಕ್ಕೆ ಬಾಗಿದಂತೆ. ಗಾಜಿನ ಅಂಚಿನ ಸುತ್ತ ಏನೂ ಕಾಣದ ಒಂದು ಉಂಗುರ ಇರುತ್ತದೆ; ಬದಿಯಿಂದ ಬರುವ ಎಮ್ಮೆಯೋ ಸೈಕಲ್ಲೋ ಆ ಉಂಗುರದಲ್ಲಿ ಮಾಯವಾಗಿ, ದಿಢೀರನೆ ಮುಖದೆದುರು ಹಾಜರಾಗುತ್ತದೆ. ಒಂದೇ ಕಣ್ಣಿಗೆ ಆಪರೇಷನ್ ಆಗಿ ಇನ್ನೊಂದು ಚೆನ್ನಾಗಿದ್ದರೆ ಇನ್ನೂ ಪಜೀತಿ, ಒಂದೇ ವಸ್ತು ಎರಡು ಅಳತೆಯಲ್ಲಿ ಎರಡಾಗಿ ಕಾಣುತ್ತದೆ. ಅದಕ್ಕಾಗಿಯೇ ಎರಡೂ ಕಣ್ಣಿನ ಪೊರೆ ಬಲಿಯಲಿ, ಆಮೇಲೆ ನೋಡೋಣ ಎಂದು ವೈದ್ಯರು ರೋಗಿಗಳನ್ನು ವರ್ಷಗಟ್ಟಲೆ ಕಾಯಿಸುತ್ತಿದ್ದರು. ತಿಂಗಳುಗಟ್ಟಲೆ ತಡವರಿಸಿ ಅಳತೆ ಕಲಿತವರು ಆಮೇಲೆ ಅಕ್ಕಿಯ ಕಲ್ಲು ಆರಿಸಿದರು, ಪಂಚಾಂಗ ಓದಿದರು. ಕೆಲವರು ಕನ್ನಡಕವನ್ನು ಗೂಟಕ್ಕೆ ನೇತುಹಾಕಿ ಮಸುಕಿನಲ್ಲೇ ಬದುಕಿದರು. ಮೊಮ್ಮಗನ ಕೈಜಾರಿ ಗಾಜು ಒಡೆದರೆ, ಇನ್ನೊಂದು ಕೊಳ್ಳುವ ದಾರಿ ಕಾಣದೆ, ಆಪರೇಷನ್ ಆದ ಕಣ್ಣೇ ಮತ್ತೆ ಕುರುಡಾದಂತಾಗುತ್ತಿತ್ತು. ಶಿಬಿರಗಳ ಹೊಗಳಿಕೆಯಲ್ಲಿ ಈ ಭಾಗ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ.

ಇದಕ್ಕೆ ಉತ್ತರ ಲಂಡನ್ನಿನಲ್ಲಿ ಆಗಲೇ ಹುಟ್ಟಿತ್ತು. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಮೇಲ್ಛಾವಣಿಯ ಪ್ಲಾಸ್ಟಿಕ್ ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕರೂ ಕಣ್ಣು ಅವನ್ನು ತಕರಾರಿಲ್ಲದೆ ಇಟ್ಟುಕೊಂಡದ್ದನ್ನು ಗಮನಿಸಿದ ಹೆರಾಲ್ಡ್ ರಿಡ್ಲಿ, 1949ರ ನವೆಂಬರ್ 29ರಂದು ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅದೇ ಜಾತಿಯ ಪ್ಲಾಸ್ಟಿಕ್ಕಿನ ಕೃತಕ ಮಸೂರವನ್ನು ರೋಗಿಯ ಕಣ್ಣಿನೊಳಗಿಟ್ಟರು. ಕಣ್ಣಿನಲ್ಲಿದ್ದ ಪರಕೀಯ ವಸ್ತುವನ್ನು ತೆಗೆಯುವುದೇ ಧರ್ಮವೆಂದು ಕಲಿತಿದ್ದ ಹಿರಿಯ ವೈದ್ಯರು ದಶಕಗಳ ಕಾಲ ಅವರ ಮೇಲೆ ಹರಿಹಾಯ್ದರು. 1990ರ ಸುಮಾರಿಗೆ ರಿಡ್ಲಿಯವರಿಗೂ ಪೊರೆ ಬಂತು. ಅದೇ ಸೇಂಟ್ ಥಾಮಸ್‌ನಲ್ಲಿ ಮಲಗಿ ತಮ್ಮದೇ ಕಲ್ಪನೆಯ ಮಸೂರವನ್ನು ಎರಡೂ ಕಣ್ಣಿಗೆ ಹಾಕಿಸಿಕೊಂಡರು. ವಿರೋಧಿಗಳಿಗೆ ಇದಕ್ಕಿಂತ ಸೊಗಸಾದ ಉತ್ತರ ಇರಲಾರದು.

ಮಸೂರದ ಬೆಲೆ ಮಾತ್ರ ಬಡವರಿಗೆ ನಿಲುಕುವಂತಿರಲಿಲ್ಲ. 1976ರಲ್ಲಿ ಹನ್ನೊಂದು ಹಾಸಿಗೆಯಿಂದ ಶುರುವಾದ ಮದುರೈನ ಅರವಿಂದ ಕಣ್ಣಾಸ್ಪತ್ರೆ 1992ರಲ್ಲಿ ಅರೋಲ್ಯಾಬ್ ಸ್ಥಾಪಿಸಿ ಇಲ್ಲೇ ಮಸೂರ ತಯಾರಿಸತೊಡಗಿತು. ನೂರು ಡಾಲರಿನ ಸಾಮಾನು ಹತ್ತು ಡಾಲರಿನ ಆಸುಪಾಸಿಗೆ ಇಳಿಯಿತು. ಸೋಡಾಬುಡ್ಡಿ ಕನ್ನಡಕ ಒಂದೂವರೆ ದಶಕದಲ್ಲಿ ಹಳ್ಳಿಗಳಿಂದ ಮರೆಯಾಯಿತು. ಅದರ ಜೊತೆಗೇ ಶಾಲೆಯ ನೆಲದ ಶಿಬಿರವೂ ಹೋಯಿತು. ಸೋಂಕಿನ ಭಯದಿಂದ 1990ರ ದಶಕದಲ್ಲಿ ಸರ್ಕಾರದ ನೀತಿ ಬದಲಾಗಿ, ಊರಲ್ಲಿ ತಪಾಸಣೆ, ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಎಂದಾಯಿತು. ಬಸ್ಸಿನಲ್ಲಿ ಕರೆದೊಯ್ದು ಬಸ್ಸಿನಲ್ಲೇ ವಾಪಸ್.

ನ್ಯೂಯಾರ್ಕಿನ ಚಾರ್ಲ್ಸ್ ಕೆಲ್ಮನ್ ಹಲ್ಲಿನ ವೈದ್ಯರ ಕುರ್ಚಿಯಲ್ಲಿ ಕೂತಿದ್ದಾಗ, ಹಲ್ಲು ಶುಚಿ ಮಾಡುವ ಅಲ್ಟ್ರಾಸೌಂಡ್ ಮೊನೆಯನ್ನು ನೋಡಿ ಪೊರೆಯನ್ನೂ ಹೀಗೇ ಪುಡಿಮಾಡಿ ಹೀರಬಹುದಲ್ಲ ಎಂದುಕೊಂಡದ್ದು, 1967ರಲ್ಲಿ ಅದನ್ನು ಮಾಡಿ ತೋರಿಸಿದ್ದು ವೈದ್ಯರ ಬಳಗದಲ್ಲಿ ಬಾಯಿಪಾಠವಾದ ಕಥೆ. ಮಡಚಬಲ್ಲ ಮಸೂರ ಅದಕ್ಕೆ ಜೊತೆಯಾದ ಮೇಲೆ ಗಾಯ ಮೂರು ಮಿಲಿಮೀಟರಿಗಿಂತ ಕೆಳಗಿಳಿಯಿತು. ಆರೇಳು ಮಿಲಿಮೀಟರಿನ, ದುಬಾರಿ ಯಂತ್ರ ಬೇಡದ ಇನ್ನೊಂದು ವಿಧಾನ ನಮ್ಮ ಉಚಿತ ಆಸ್ಪತ್ರೆಗಳಲ್ಲಿ ಬೇರೂರಿತು. ಎರಡರಲ್ಲೂ ಗಾಯದ ಬಾಯಿ ಕಣ್ಣಿನ ಒಳಒತ್ತಡದಿಂದಲೇ ಮುಚ್ಚಿಕೊಳ್ಳುತ್ತದೆ, ಸಾಮಾನ್ಯವಾಗಿ ಹೊಲಿಗೆ ಬೇಕಿಲ್ಲ. ಬೆಳಗ್ಗೆ ಹೋದವರು ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತಾರೆ.

ಹೀಗೆ ಗಾಯ ಕುಗ್ಗಿತು, ಹತ್ತು ದಿನದ ಶಯನ ಅರ್ಧ ದಿನವಾಯಿತು. ಪಥ್ಯ ಮಾತ್ರ ಅಷ್ಟು ಬೇಗ ಕುಗ್ಗಲಿಲ್ಲ. ಆಸ್ಪತ್ರೆ ಕೊಡುವ ಚೀಟಿ ಈಗ ಚಿಕ್ಕದು: ಕಣ್ಣು ಉಜ್ಜಬೇಡಿ, ಕೆಲವು ದಿನ ಕಣ್ಣಿಗೆ ನೀರು ತಾಗಿಸಬೇಡಿ, ಭಾರ ಎತ್ತಬೇಡಿ, ನಾಲ್ಕರಿಂದ ಆರು ವಾರ ಹೇಳಿದ ಹೊತ್ತಿಗೆ ಹನಿ ಹಾಕಿ. ಮನೆಯವರ ಪಟ್ಟಿ ಬೇರೆಯೇ. ಟಿವಿ ಬೇಡ, ಮೊಬೈಲ್ ಬೇಡ, ಒಲೆಯ ಹತ್ತಿರ ಸುಳಿಯಬೇಡ, ತಿಂಗಳು ತಲೆಗೆ ನೀರಿಲ್ಲ, ಬದನೆಕಾಯಿ ನಂಜು. ಇದರಲ್ಲಿ ಕೆಲವು ಹೊಲಿಗೆಯಿಲ್ಲದ ಗಾಯದ ಕಾಲದಲ್ಲಿ ಅರ್ಥವಿದ್ದ ಮಾತುಗಳು. ಬದನೆಕಾಯಿಗೆ ಆಗಲೂ ಇರಲಿಲ್ಲ. ಆದರೂ ಈ ಹೆಚ್ಚುವರಿ ಪಟ್ಟಿಯಿಂದ ಲಾಭವೇ ಇಲ್ಲವೆನ್ನುವಂತಿಲ್ಲ. ಜೀವಮಾನವಿಡೀ ಒಲೆ ಬಿಟ್ಟು ಕೂರದ ಹೆಂಗಸಿಗೆ ತಿಂಗಳ ಕಾಲ ಅಡುಗೆಮನೆಯಿಂದ ಬಿಡುಗಡೆ ಕೊಡಿಸುವ ಶಕ್ತಿ ವೈದ್ಯರ ಚೀಟಿಗಿಂತ ಆ ಪಥ್ಯಕ್ಕೇ ಹೆಚ್ಚು.

ಮೋನೆಗೆ ಆದಂತೆ ಮಸೂರದ ಹಿಂದಿನ ಪದರ ಮಂಜಾಗುವುದು ಈಗಲೂ ಉಂಟು. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಮತ್ತೆ ಮಸುಕಾದಾಗ ಜನ ಪೊರೆ ಪುನಃ ಬೆಳೆಯಿತೆಂದು ಹೆದರಿ ಬರುತ್ತಾರೆ. ಕುರ್ಚಿಯಲ್ಲಿ ಕೂರಿಸಿ, ಗಲ್ಲ ಚೌಕಟ್ಟಿಗೆ ಒರಗಿಸಿ, ಲೇಸರ್‌ನಿಂದ ಐದಾರು ನಿಮಿಷದಲ್ಲಿ ಪದರಕ್ಕೆ ಕಿಂಡಿ ಮಾಡುತ್ತಾರೆ. ಪಟ್ಟಿಯಿಲ್ಲ, ಮಲಗುವುದಿಲ್ಲ. ಎದ್ದು ಹೊರಡುವಾಗ ಕೆಲವು ಹಿರಿಯರು ಇವತ್ತು ತಲೆಸ್ನಾನ ಮಾಡಬಹುದೇ ಎಂದು ಕೇಳುತ್ತಾರೆ, ಮಾಡಬಹುದೆಂದರೂ ಮನೆಗೆ ಹೋಗಿ ಒಂದು ವಾರ ಮಾಡುವುದಿಲ್ಲ.